ಆರ್‌ಎಫ್ ಆಂಪ್ಲಿಫೈಯರ್‌ನಲ್ಲಿ ಪವರ್ ಬರುತ್ತಿಲ್ಲವೇ? ದೋಷ ಹುಡುಕಲು ಸಮಗ್ರ ಮಾರ್ಗದರ್ಶಿ

ಲೀನಿಯರ್‌ನಿಂದ, ಅಂದರೆ ರೇಡಿಯೋ ಸಿಗ್ನಲನ್ನು (ಆರ್‌ಎಫ್) ದೊಡ್ಡದು ಮಾಡಿ ಆಂಟೆನಾಗೆ ಕೊಡುವ ಆಂಪ್ಲಿಫೈಯರ್‌ನಿಂದ, ಪವರ್ ಬರುತ್ತಿಲ್ಲ ಅಂದ ತಕ್ಷಣ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಕೊನೆಯ ಹಂತದ ಪವರ್ ಟ್ರಾನ್ಸಿಸ್ಟರ್‌ಗೆ, ಅಂದರೆ ಫೈನಲ್‌ಗೆ. ಹಳೆಯದನ್ನು ಕಿತ್ತು ಹೊಸದು ಹಾಕುತ್ತಾರೆ. ಅದೂ ಹೋಗುತ್ತದೆ. ಮೊದಲನೆಯದನ್ನು ಸುಟ್ಟ ಕಾರಣ ಇನ್ನೂ ಬೋರ್ಡಿನಲ್ಲೇ ಕೂತಿರುತ್ತದೆ, ಅಲ್ವಾ? ಎಷ್ಟೋ ಸಲ ಫೈನಲ್ ಚೆನ್ನಾಗಿಯೇ ಇರುತ್ತದೆ. ತಪ್ಪು ಆಂಟೆನಾವನ್ನು ರಿಸೀವ್, ಟ್ರಾನ್ಸ್‌ಮಿಟ್ ನಡುವೆ ಬದಲಿಸುವ ರಿಲೇಯಲ್ಲೋ, ಟೊರಾಯ್ಡಿನ (ಉಂಗುರದ ಮೇಲೆ ಸುತ್ತಿದ ಕಾಯಿಲ್) ಸೋಲ್ಡರ್‌ನಲ್ಲೋ, ಬ್ಯಾಟರಿ ವೈರಿನಲ್ಲೋ ಇರುತ್ತದೆ.

ಸೋಲ್ಡರಿಂಗ್ ಐರನ್ ಬಿಸಿಗಿಡುವ ಮೊದಲು ಎರಡು ಅಂಕಿ ಬೇಕು. ಆಂಪ್ಲಿಫೈಯರ್ ಎಷ್ಟು ಡಿಸಿ ಕರೆಂಟ್ ಎಳೆಯುತ್ತಿದೆ? ಎಷ್ಟು ಆರ್‌ಎಫ್ ಹೊರಗೆ ಬರುತ್ತಿದೆ? ಒಂದನ್ನು ಮಾತ್ರ ನೋಡಿದರೆ ಅಷ್ಟೇನೂ ತಿಳಿಯುವುದಿಲ್ಲ. ಎರಡನ್ನೂ ಜೊತೆಯಲ್ಲಿ ನೋಡಿದರೆ ಹುಡುಕುವ ಜಾಗ ಬೋರ್ಡಿನ ಕಾಲು ಭಾಗಕ್ಕೆ ಇಳಿಯುತ್ತದೆ.

ಉದಾಹರಣೆಗೆ ನಮ್ಮಲ್ಲಿ ಎಲ್ಲರ ಮೇಜಿನ ಮೇಲೂ ಇರುವ ಸರ್ಕ್ಯೂಟನ್ನೇ ತೆಗೆದುಕೊಳ್ಳೋಣ: ಎರಡು ಐಆರ್‌ಎಫ್510 ಮಾಸ್‌ಫೆಟ್‌ಗಳ (ಒಂದು ಬಗೆಯ ಟ್ರಾನ್ಸಿಸ್ಟರ್) ಪುಶ್‌ಪುಲ್ ಆಂಪ್ಲಿಫೈಯರ್, ಅಂದರೆ ಎರಡೂ ಸರದಿಯ ಮೇಲೆ ಕೆಲಸ ಮಾಡುವಂಥದ್ದು, 13.8 ವೋಲ್ಟ್ ಸಪ್ಲೈ, 7 ಮೆಗಾಹರ್ಟ್ಜ್‌ನಲ್ಲಿ 10ರಿಂದ 15 ವ್ಯಾಟ್. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ವಿನ್ಯಾಸ ಮಾಡಿದ ಬಿಟ್‌ಎಕ್ಸ್ ರಿಗ್‌ಗಳಿಂದಾಗಿ (ರಿಗ್ ಅಂದರೆ ರೇಡಿಯೋ ಸೆಟ್) ಈ ಅಗ್ಗದ ಮಾಸ್‌ಫೆಟ್ ಮನೆಮಾತಾಗಿದೆ. ಬೇರೆ ಟ್ರಾನ್ಸಿಸ್ಟರ್ ಇದ್ದರೂ ಕ್ರಮ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ. ವಾಲ್ವ್ ಲೀನಿಯರ್‌ಗೆ ಮಾತ್ರ ಇದನ್ನು ಹಾಗೆಯೇ ಅನ್ವಯಿಸಬೇಡಿ. ಅಲ್ಲಿ ಪ್ಲೇಟ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅನುಭವಸ್ಥರು ಪಕ್ಕದಲ್ಲಿ ಇಲ್ಲದೆ ಅದರ ಮುಚ್ಚಳ ತೆಗೆಯಬೇಡಿ.

ಮೇಜಿನ ಮೇಲೆ ಏನೇನು ಬೇಕು

ಮೊದಲನೆಯದು ಡಮ್ಮಿ ಲೋಡ್, ಪರೀಕ್ಷೆಯ ವೇಳೆ ಆಂಟೆನಾದ ಬದಲಿಗೆ ಜೋಡಿಸುವ ರೆಸಿಸ್ಟರ್. 1 ಕಿಲೋಓಮ್, 1 ವ್ಯಾಟಿನ 20 ರೆಸಿಸ್ಟರ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ 50 ಓಮ್, 20 ವ್ಯಾಟಿನ ಲೋಡ್ ಸಿದ್ಧ. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಇರಲಿ. ವೈರ್‌ವೌಂಡ್ ಬೇಡವೇ ಬೇಡ, ಅದು ಒಳಗೆ ಕಾಯಿಲ್ ಆಗಿರುವುದರಿಂದ 7 ಮೆಗಾಹರ್ಟ್ಜ್‌ನಲ್ಲಿ 50 ಓಮ್ ಆಗಿ ಉಳಿಯುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವಾಗ ಇದನ್ನು ಬಾಯಿ ಬಿಟ್ಟು ಹೇಳಿ. ಇಲ್ಲದಿದ್ದರೆ ವ್ಯಾಟೇಜ್ ನೋಡಿ ಬಿಳಿ ಸಿಮೆಂಟ್ ರೆಸಿಸ್ಟರ್ ಕೈಗಿಡುವ ಸಾಧ್ಯತೆಯೇ ಜಾಸ್ತಿ.

ಆ ಲೋಡಿನಿಂದ ಒಂದು 1ಎನ್4148 ಡಯೋಡ್, ಡಯೋಡಿನ ಇನ್ನೊಂದು ತುದಿಯಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡಿನ 100 ವೋಲ್ಟ್ ಕೆಪಾಸಿಟರ್ ಸೇರಿಸಿದರೆ ಪವರ್ ಮೀಟರ್ ಆಯಿತು. ಕೆಪಾಸಿಟರ್ ಮೇಲಿನ ಡಿಸಿ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಓದಿ, ಡಯೋಡಿನ 0.6 ಕೂಡಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. 31 ವೋಲ್ಟ್ ಬಂದರೆ 31.6ರ ವರ್ಗ ಸುಮಾರು 1000, ಅಂದರೆ 10 ವ್ಯಾಟ್. 21.8 ಬಂದರೆ 5 ವ್ಯಾಟ್. ಈ ಜೋಡಣೆಯಲ್ಲಿ ಡಯೋಡಿನ ಮೇಲೆ ಪೀಕ್ ವೋಲ್ಟೇಜಿನ ಎರಡರಷ್ಟು ರಿವರ್ಸ್ ಆಗಿ ಬೀಳುತ್ತದೆ, 10 ವ್ಯಾಟಿಗೇ 63 ವೋಲ್ಟ್. ಅದಕ್ಕಿಂತ ಹೆಚ್ಚು ಪವರ್ ಅಳೆಯುವುದಿದ್ದರೆ ಎರಡು ಡಯೋಡ್ ಸರಣಿಯಲ್ಲಿ ಹಾಕಿ 1.2 ಕೂಡಿಸಿ.

ಎರಡನೆಯದು ಕರೆಂಟ್ ಲಿಮಿಟ್ ಇರುವ ಪವರ್ ಸಪ್ಲೈ. ಇಲ್ಲದಿದ್ದರೆ ಚಿಂತೆ ಇಲ್ಲ. ಕಾರಿನ 12 ವೋಲ್ಟ್, 21 ವ್ಯಾಟ್ ಬ್ರೇಕ್ ಬಲ್ಬನ್ನು ಸಪ್ಲೈ ವೈರಿಗೆ ಸರಣಿಯಲ್ಲಿ ಹಾಕಿ. ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಕಡಿಮೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಕರೆಂಟನ್ನು 2 ಆಂಪಿಯರ್ ಒಳಗೇ ಕಟ್ಟಿಹಾಕುತ್ತದೆ. ಬೋರ್ಡಿನ ಟ್ರ್ಯಾಕ್ ಉಳಿಯುತ್ತದೆ.

ಮೂರನೆಯದು ಮಲ್ಟಿಮೀಟರ್. ಡಿಜಿಟಲ್ ಮೀಟರ್ ಆರ್‌ಎಫ್ ಪಕ್ಕದಲ್ಲಿ ಸುಳ್ಳು ಹೇಳುತ್ತದೆ, ಅದನ್ನು ಮರೆಯಬೇಡಿ. ಕೀ ಒತ್ತಿದಾಗ ಸಪ್ಲೈ 13.8ರಿಂದ 19ಕ್ಕೆ ಏರಿತು ಅಂತ ತೋರಿಸಿದರೆ ಏರಿದ್ದು ವೋಲ್ಟೇಜ್ ಅಲ್ಲ, ಮೀಟರಿನ ತಲೆ ತಿರುಗಿದೆ ಅಷ್ಟೇ. ಪ್ರೋಬ್ ತುದಿಗಳ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ವೈರನ್ನು ಫೆರೈಟ್ ರಿಂಗಿಗೆ ನಾಲ್ಕೈದು ಸುತ್ತು ಸುತ್ತಿ. ಹಳೆಯ ಮುಳ್ಳಿನ ಅನಲಾಗ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಎರಡು ಅಂಕಿ, ನಾಲ್ಕು ದಾರಿ

ಡಮ್ಮಿ ಲೋಡ್ ಜೋಡಿಸಿ, ಪಿಟಿಟಿ (ಟ್ರಾನ್ಸ್‌ಮಿಟ್ ಗುಂಡಿ) ಒತ್ತಿ, ಒಂದೇ ಮಟ್ಟದ ಟೋನ್ ಅಥವಾ ಸಿಡಬ್ಲ್ಯು (ಮೋರ್ಸ್) ಕ್ಯಾರಿಯರ್ ಕೊಡಿ. ಸರಿ ಇರುವ ಆಂಪ್ಲಿಫೈಯರ್ ಡ್ರೈವ್ (ಒಳಗೆ ಕೊಡುವ ಆರ್‌ಎಫ್ ಸಿಗ್ನಲ್) ಇಲ್ಲದಾಗ ಸುಮಾರು 200 ಮಿಲಿಆಂಪಿಯರ್ ಎಳೆಯುತ್ತದೆ, ಒಂದೊಂದು ಮಾಸ್‌ಫೆಟ್‌ಗೆ 100ರಂತೆ. ಪೂರ್ತಿ ಡ್ರೈವ್‌ನಲ್ಲಿ 10 ವ್ಯಾಟಿಗೆ ಒಂದೂವರೆ, 15 ವ್ಯಾಟಿಗೆ ಎರಡು ಚಿಲ್ಲರೆ ಆಂಪಿಯರ್. ದಕ್ಷತೆ ಅರ್ಧದಷ್ಟು ಅಂತ ಹಿಡಿದರೆ ಈ ಲೆಕ್ಕ ಬರುತ್ತದೆ.

ಕರೆಂಟೂ ಇಲ್ಲ, ಔಟ್‌ಪುಟ್ಟೂ ಇಲ್ಲ ಅಂದರೆ ಸಪ್ಲೈ, ಫ್ಯೂಸ್, ಪಿಟಿಟಿ ಅಥವಾ ಬಯಾಸ್ (ಮಾಸ್‌ಫೆಟ್ ತುಸು ತೆರೆದಿರಲು ಗೇಟಿಗೆ ಕೊಡುವ ಡಿಸಿ ವೋಲ್ಟೇಜ್) ನೋಡಿ. 200 ಮಿಲಿಆಂಪಿಯರ್ ಇದೆ, ಡ್ರೈವ್ ಕೊಟ್ಟರೂ ಮೇಲೆ ಏಳುತ್ತಿಲ್ಲ ಅಂದರೆ ಡ್ರೈವ್ ಗೇಟ್ (ಮಾಸ್‌ಫೆಟ್‌ಗೆ ಸಿಗ್ನಲ್ ಹೋಗುವ ಕಾಲು) ತನಕ ಬರುತ್ತಿಲ್ಲ. ಕರೆಂಟ್ ಚೆನ್ನಾಗಿ ಏರುತ್ತಿದೆ, ಪವರ್ ಮಾತ್ರ ಲೋಡಿಗೆ ಬರುತ್ತಿಲ್ಲ ಅಂದರೆ ಡ್ರೈನ್‌ನಿಂದ (ಪವರ್ ಹೊರಬರುವ ಕಾಲು) ಆಚೆಗೆ ಹುಡುಕಿ. ಡ್ರೈವ್ ಕೊಡದೇ ಕರೆಂಟ್ ವಿಪರೀತ ಇದ್ದರೆ ಶಾರ್ಟ್, ತಪ್ಪು ಬಯಾಸ್ ಅಥವಾ ಆಸಿಲೇಶನ್ (ಆಂಪ್ಲಿಫೈಯರ್ ತಾನಾಗಿಯೇ ಸಿಗ್ನಲ್ ಹುಟ್ಟಿಸುವುದು).

ಮುಂದಿನದೆಲ್ಲ ಈ ನಾಲ್ಕರ ವಿವರ. ನಿಮ್ಮ ಲಕ್ಷಣಕ್ಕೆ ಹೊಂದುವ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಇದರ ಮುಂದಿನ ಹಂತವನ್ನು ಮಾತ್ರ ಯಾರೂ ಬಿಡಬೇಡಿ.

ಸಪ್ಲೈ ತೆಗೆದು ಮಾಡುವ ಪರೀಕ್ಷೆ

ಮೊದಲು ಕಣ್ಣು, ಮೂಗು. ಕಪ್ಪಾದ ರೆಸಿಸ್ಟರ್, ಬಿರುಕು ಬಿಟ್ಟ ಫೆರೈಟ್, ಸುಟ್ಟ ವಾಸನೆ. ಆಮೇಲೆ ಲೆನ್ಸ್ ಹಿಡಿದು ಟೊರಾಯ್ಡ್‌ಗಳ ಕಾಲು ನೋಡಿ. ಎನಾಮಲ್ ಸರಿಯಾಗಿ ಕೆರೆಯದೆ ಸೋಲ್ಡರ್ ಮಾಡಿದ ತಂತಿ ಹೊರಗಿನಿಂದ ಹೊಳೆಯುತ್ತಿರುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ಮನೆಯಲ್ಲಿ ಕಟ್ಟಿದ ರಿಗ್‌ಗಳಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೆಯೇ. ಮೀಟರಿನ ಪ್ರೋಬನ್ನು ತಂತಿಯ ಕಾಲಿಗೆ ಇಡಬೇಡಿ, ಆ ಕಾಲು ಸೇರುವ ಟ್ರ್ಯಾಕಿನ ಇನ್ನೊಂದು ತುದಿಗೆ ಇಟ್ಟು ನೋಡಿ.

ಈಗ ಮಾಸ್‌ಫೆಟ್. ಮೀಟರನ್ನು ಡಯೋಡ್ ರೇಂಜಿಗೆ ತಿರುಗಿಸಿ. ಕೆಂಪು ಪ್ರೋಬ್ ಸೋರ್ಸ್‌ಗೆ (ಮೂರನೆಯ ಕಾಲು), ಕಪ್ಪು ಡ್ರೈನ್‌ಗೆ. ಒಳಗಿನ ಬಾಡಿ ಡಯೋಡ್ ಅರ್ಧ ವೋಲ್ಟ್ ಆಸುಪಾಸು ತೋರಿಸಬೇಕು. ಪ್ರೋಬ್ ಅದಲು ಬದಲು ಮಾಡಿದರೆ ಸಪ್ಲೈ ಲೈನಿನ ಕೆಪಾಸಿಟರ್ ತುಂಬುವ ತನಕ ಅಂಕಿ ನಿಧಾನವಾಗಿ ಏರಿ, ಕೊನೆಗೆ ಓಪನ್ ಅಥವಾ ದೊಡ್ಡ ಅಂಕಿ ಬರಬೇಕು. ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್.

ಇಲ್ಲಿ ಒಂದು ತೊಡಕಿದೆ. ಎರಡೂ ಡ್ರೈನ್‌ಗಳು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಡಿಸಿಗೆ ಒಂದೇ ಜಾಗದಲ್ಲಿ ಸೇರುತ್ತವೆ. ಒಂದು ಶಾರ್ಟ್ ಆದರೂ ಮೀಟರಿಗೆ ಎರಡೂ ಶಾರ್ಟ್ ಆದಂತೆ ಕಾಣುತ್ತದೆ. ಅಷ್ಟಕ್ಕೇ ಎರಡನ್ನೂ ಕೀಳಬೇಡಿ. ಒಂದರ ಡ್ರೈನ್ ಕಾಲನ್ನು ಮಾತ್ರ ಎತ್ತಿ ಮತ್ತೆ ಅಳೆಯಿರಿ. ಸಪ್ಲೈ ಲೈನಿನಲ್ಲಿ ಉಲ್ಟಾ ಪೊಲಾರಿಟಿ ತಡೆಯುವ ಡಯೋಡ್ ಇದ್ದರೆ ಅದನ್ನೂ ನೋಡಿ. ಯಾರೋ ಬ್ಯಾಟರಿ ತಿರುಗಿಸಿ ಕೊಟ್ಟಾಗ ಅದು ಶಾರ್ಟ್ ಆಗಿ ಉಳಿದಿರಬಹುದು. ಫೈನಲ್‌ಗಳ ಮೇಲೆ ಸುಮ್ನೆ ಗೂಬೆ ಕೂರಿಸಿದಂತಾಗುತ್ತದೆ.

ಗೇಟ್‌ನಿಂದ ಸೋರ್ಸ್‌ಗೆ ಓಮ್ ಅಳೆದು ಎರಡೂ ಬದಿಯನ್ನು ಹೋಲಿಸಿ. ಒಂದರಲ್ಲಿ 4 ಕಿಲೋಓಮ್, ಇನ್ನೊಂದರಲ್ಲಿ 15 ಓಮ್ ಬಂದರೆ ಆ ಎರಡನೆಯದರ ಗೇಟ್ ತೂತಾಗಿದೆ. ಐಆರ್‌ಎಫ್510ರ ಡ್ರೈನ್ 100 ವೋಲ್ಟ್ ತಡೆಯುತ್ತದೆ, ಗೇಟ್ ತಡೆಯುವುದು 20 ಮಾತ್ರ. ಹಾಗಾಗಿ 13.8 ವೋಲ್ಟ್ ಸಪ್ಲೈಯಲ್ಲಿ ಗೇಟೇ ಮೊದಲು ಹೋಗುವುದು: ಅತಿ ಡ್ರೈವ್, ಆಸಿಲೇಶನ್, ಕೈಯ ಸ್ಟ್ಯಾಟಿಕ್. ಜಾಸ್ತಿ ಪವರ್ ಆಸೆಗೆ 24, 28 ವೋಲ್ಟ್ ಕೊಡುವವರ ಕಥೆ ಬೇರೆ. ಅಲ್ಲಿ ಡ್ರೈನ್ ಸಹಜವಾಗಿಯೇ ಸಪ್ಲೈಯ ಎರಡರಷ್ಟಕ್ಕೆ ಏರುತ್ತದೆ. ಆಂಟೆನಾ ಕಳಚಿಕೊಂಡರೆ 100 ದೂರವಿಲ್ಲ.

ಕೊನೆಗೆ ಹೀಟ್‌ಸಿಂಕ್. ಐಆರ್‌ಎಫ್510ರ ಲೋಹದ ಬೆನ್ನು ಡ್ರೈನ್‌ಗೆ ಸೇರಿದ್ದು. ಅದಕ್ಕೇ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಬೇಕು. ಹೀಟ್‌ಸಿಂಕ್ ಗ್ರೌಂಡ್ ಆಗಿದ್ದು ಮೈಕಾ ಹರಿದರೆ ಫ್ಯೂಸ್ ಹೋಗುತ್ತದೆ, ಕಾರಣ ಬೇಗ ಸಿಗುತ್ತದೆ. ಹೀಟ್‌ಸಿಂಕ್ ಗ್ರೌಂಡ್ ಆಗದೆ, ಎರಡೂ ಮಾಸ್‌ಫೆಟ್ ಅದಕ್ಕೆ ತಾಗಿದ್ದರೆ? ಡಿಸಿ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಎರಡೂ ಡ್ರೈನ್ ಮೊದಲೇ ಒಂದೇ ಸಪ್ಲೈಗೆ ಸೇರಿವೆಯಲ್ಲ. ಬಯಾಸ್ ಸರಿಯಾಗಿ ಕೂರುತ್ತದೆ. ಆದರೆ ಪುಶ್‌ಪುಲ್‌ನ ಎರಡು ವಿರುದ್ಧ ಫೇಸ್‌ಗಳು ಹೀಟ್‌ಸಿಂಕಿನಲ್ಲೇ ಶಾರ್ಟ್ ಆಗುತ್ತವೆ. ಡ್ರೈವ್ ಕೊಟ್ಟರೆ ಕರೆಂಟ್ ಏರುತ್ತದೆ, ಪವರ್ ಮಾತ್ರ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ಒಂದು ಡ್ರೈನ್ ಬಿಡಿಸಿ, ಎರಡೂ ಬೆನ್ನುಗಳಿಂದ ಹೀಟ್‌ಸಿಂಕಿಗೆ ಬೇರೆ ಬೇರೆಯಾಗಿ ಅಳೆದರೆ ಮಾತ್ರ ಇದು ಗೊತ್ತಾಗುವುದು.

ಸಪ್ಲೈ ಮತ್ತು ಬಯಾಸ್

ಸಪ್ಲೈ ವೋಲ್ಟೇಜನ್ನು ಬ್ಯಾಟರಿಯ ಟರ್ಮಿನಲ್‌ನಲ್ಲಿ ಅಳೆದು ಸರಿ ಇದೆ ಅನ್ನಬೇಡಿ. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್‌ನಲ್ಲಿ (ಸಪ್ಲೈ ಸೇರುವ ನಡುವಿನ ತುದಿ), ಪೂರ್ತಿ ಡ್ರೈವ್ ಇರುವಾಗ ಅಳೆಯಿರಿ. ತೆಳು ಹುಕ್‌ಅಪ್ ವೈರ್, ಸವೆದ ಕ್ರೊಕೊಡೈಲ್ ಕ್ಲಿಪ್, ತುಕ್ಕು ಹಿಡಿದ ಫ್ಯೂಸ್ ಹೋಲ್ಡರ್ ಮೂರೂ ಸೇರಿ ಅರ್ಧ ಓಮ್ ಆದರೆ ಸಾಕು, 2 ಆಂಪಿಯರಿಗೆ 1 ವೋಲ್ಟ್ ಅಲ್ಲೇ ಹೋಯಿತು. ಪವರ್ ವೋಲ್ಟೇಜಿನ ವರ್ಗದಂತೆ ಬದಲಾಗುತ್ತದೆ. 13.8 ಇದ್ದದ್ದು 11ಕ್ಕೆ ಇಳಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪವರ್ ಮಾಯ. ಮನೆಯ ಯುಪಿಎಸ್ ಬ್ಯಾಟರಿಯಿಂದ ರಿಗ್ ನಡೆಸುವವರು ರಾತ್ರಿ ಪವರ್ ಇಳಿಯಿತು ಅಂತ ಹೇಳುವುದರಲ್ಲಿ ಹೆಚ್ಚಿನದಕ್ಕೆ ಕಾರಣ ಇದೇ.

ಬಿಟ್‌ಎಕ್ಸ್40ರಂಥ ಬೋರ್ಡಿನಲ್ಲಿ ಫೈನಲ್‌ಗೆ ಸಪ್ಲೈ ಪ್ರತ್ಯೇಕ ಪಿನ್ನಿನಿಂದ ಹೋಗುತ್ತದೆ. ರಿಸೀವರ್ ಚೆನ್ನಾಗಿ ಕೇಳಿಸುತ್ತಿದೆ ಎಂದ ಮಾತ್ರಕ್ಕೆ ಫೈನಲ್‌ಗೆ ಸಪ್ಲೈ ಇದೆ ಅನ್ನುವ ಹಾಗಿಲ್ಲ.

ಬಯಾಸ್ ಹೊಂದಿಸುವ ಮುಂಚೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಚಿಕ್ಕ ರೆಸಿಸ್ಟರ್) ಯಾವ ಕಡೆ ತಿರುಗಿಸಿದರೆ ವೋಲ್ಟೇಜ್ ಇಳಿಯುತ್ತದೆ ಅಂತ ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಉಲ್ಟಾ ತುದಿಗೆ ಇಟ್ಟು ಸ್ವಿಚ್ ಹಾಕಿದರೆ ಗೇಟ್‌ಗೆ ನೇರ 5 ವೋಲ್ಟ್ ಹೋಗುತ್ತದೆ, ಕರೆಂಟ್ ಆಂಪಿಯರ್ ಲೆಕ್ಕಕ್ಕೆ ಹಾರುತ್ತದೆ. ಎರಡೂ ಪ್ರಿಸೆಟ್ ಕನಿಷ್ಠಕ್ಕೆ ತನ್ನಿ. ಡ್ರೈವ್ ಇಲ್ಲದೆ ಪಿಟಿಟಿ ಒತ್ತಿ. ಮೊದಲನೆಯದನ್ನು ನಿಧಾನವಾಗಿ ಏರಿಸಿ, ಕರೆಂಟ್ 100 ಮಿಲಿಆಂಪಿಯರ್ ಹೆಚ್ಚಾದಾಗ ನಿಲ್ಲಿಸಿ. ಆಮೇಲೆ ಎರಡನೆಯದು, ಇನ್ನೊಂದು 100. ಗೇಟ್ ವೋಲ್ಟೇಜ್ ಎರಡರಲ್ಲೂ ಒಂದೇ ಇರಬೇಕಿಲ್ಲ. ಈ ಮಾಸ್‌ಫೆಟ್ ತೆರೆದುಕೊಳ್ಳುವ ವೋಲ್ಟೇಜ್ 2ರಿಂದ 4ರ ತನಕ ಎಲ್ಲಿಯಾದರೂ ಇರಬಹುದು. ಹೊಂದಿಸಬೇಕಾದದ್ದು ಕರೆಂಟನ್ನು, ವೋಲ್ಟೇಜನ್ನಲ್ಲ.

ಬಯಾಸ್ ಏರುವುದೇ ಇಲ್ಲವೇ? 5 ವೋಲ್ಟಿನ ರೆಗ್ಯುಲೇಟರ್ ಪಿಟಿಟಿ ಒತ್ತಿದಾಗ ಎದ್ದೇಳುತ್ತಿದೆಯೇ ನೋಡಿ. ಅಲ್ಲಿ 5 ಇದ್ದು ಗೇಟಿನಲ್ಲಿ ಸೊನ್ನೆ ಇದ್ದರೆ ಪ್ರಿಸೆಟ್‌ನ ವೈಪರ್ (ಜಾರುವ ಸಂಪರ್ಕ), ಆರ್‌ಎಫನ್ನು ಗ್ರೌಂಡಿಗೆ ಇಳಿಸುವ ಬೈಪಾಸ್ ಕೆಪಾಸಿಟರಿನ ಶಾರ್ಟ್, ಗೇಟಿನ ಶಾರ್ಟ್, ಈ ಮೂರರಲ್ಲಿ ಒಂದು.

ಹೊಂದಿಸಿದ ಮೇಲೆ ಐದು ನಿಮಿಷ ಹಾಗೇ ಬಿಟ್ಟು ಮೀಟರ್ ನೋಡುತ್ತಿರಿ. ಸ್ವಲ್ಪ ಏರಿ ನಿಂತರೆ ಸರಿ. 200 ಇದ್ದದ್ದು 300 ದಾಟಿ ಏರುತ್ತಲೇ ಹೋದರೆ ಹೀಟ್‌ಸಿಂಕಿನ ಸಂಪರ್ಕ ಸರಿಯಿಲ್ಲ. ಇಷ್ಟು ಕಡಿಮೆ ಕರೆಂಟಿನಲ್ಲಿ ಐಆರ್‌ಎಫ್510 ಬಿಸಿಯಾದಷ್ಟೂ ಹೆಚ್ಚು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ಬಿಸಿಯಾಗುತ್ತದೆ.

ಡ್ರೈವ್ ಎಲ್ಲಿ ಕಳೆದುಹೋಗುತ್ತಿದೆ

ಪವರ್ ಮೀಟರಿಗೆ ಮಾಡಿದಂಥದೇ ಡಯೋಡ್, ಕೆಪಾಸಿಟರ್ ಜೋಡಣೆಯನ್ನು ಪ್ರೋಬ್ ಆಗಿ ಹಿಡಿದು ಡ್ರೈವರ್‌ನ (ಫೈನಲ್‌ಗಿಂತ ಹಿಂದಿನ ಹಂತ) ಔಟ್‌ಪುಟ್‌ನಿಂದ ಗೇಟ್‌ಗಳ ತನಕ ಹೆಜ್ಜೆ ಹೆಜ್ಜೆಗೆ ಅಳೆಯಿರಿ. ಕಪ್ಲಿಂಗ್ ಕೆಪಾಸಿಟರಿನ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಉತ್ತರ ಸಿಕ್ಕಿತು. ಎರಡೂ ಗೇಟ್‌ಗಳಲ್ಲಿ ಕೆಲವು ವೋಲ್ಟ್ ಆರ್‌ಎಫ್ ಇರಬೇಕು, ಮುಖ್ಯವಾಗಿ ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಒಂದರಲ್ಲಿ ಇಲ್ಲದಿದ್ದರೆ ಆಂಪ್ಲಿಫೈಯರ್ ಅರ್ಧ ದೇಹದಲ್ಲಿ ಓಡುತ್ತಿದೆ. ಪವರ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಹಾರ್ಮಾನಿಕ್ಸ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರರಷ್ಟಿನ ಬೇಡದ ಸಿಗ್ನಲ್) ಹೆಚ್ಚುತ್ತವೆ.

7 ಮೆಗಾಹರ್ಟ್ಜ್‌ನಲ್ಲಿ 12 ವ್ಯಾಟ್ ಕೊಡುವ ಆಂಪ್ಲಿಫೈಯರ್ 28ರಲ್ಲಿ 4 ವ್ಯಾಟಿಗೆ ಇಳಿದರೆ ಅದನ್ನು ದೋಷ ಅನ್ನಲಾಗದು. ಈ ಮಾಸ್‌ಫೆಟ್‌ನ ಗೇಟ್ ಸುಮಾರು 180 ಪಿಕೋಫ್ಯಾರಡಿನ ಕೆಪಾಸಿಟರ್ ಇದ್ದ ಹಾಗೆ. 7 ಮೆಗಾಹರ್ಟ್ಜ್‌ನಲ್ಲಿ ಅದು ಸುಮಾರು 126 ಓಮ್, 28ರಲ್ಲಿ 32 ಓಮ್. ಡ್ರೈವರ್‌ನ ಶಕ್ತಿಯೆಲ್ಲ ಅದನ್ನು ತುಂಬಿ ಖಾಲಿ ಮಾಡುವುದರಲ್ಲೇ ಹೋಗುತ್ತದೆ. ಐಆರ್‌ಎಫ್510 ಇರುವುದೇ ಸ್ವಿಚಿಂಗ್ ಕೆಲಸಕ್ಕೆ, ಆರ್‌ಎಫ್‌ಗೆ ಅದನ್ನು ಎಳೆದು ತಂದವರು ನಾವು. ಒಂದೇ ಬ್ಯಾಂಡಿನಲ್ಲಿ ಮಾತ್ರ, ಅದೂ ನಡುವಿನ ಬ್ಯಾಂಡಿನಲ್ಲಿ ಪವರ್ ಕುಸಿದರೆ ಆಗ ಆ ಬ್ಯಾಂಡಿನ ಫಿಲ್ಟರನ್ನು (ಔಟ್‌ಪುಟ್‌ನಲ್ಲಿ ಹಾರ್ಮಾನಿಕ್ಸ್ ತಡೆಯುವ ಲೋ ಪಾಸ್ ಫಿಲ್ಟರ್) ಅನುಮಾನಿಸಿ.

ಕರೆಂಟ್ ಇದೆ, ಪವರ್ ಇಲ್ಲ

ಎಳೆದ ಶಕ್ತಿ ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ಹಾಗಾದರೆ ಬಿಸಿಯನ್ನೇ ಹುಡುಕಿ. ಹತ್ತು ಸೆಕೆಂಡ್ ಕ್ಯಾರಿಯರ್ ಕೊಡಿ, ಸಪ್ಲೈ ಆಫ್ ಮಾಡಿ, ಆಮೇಲೆ ಬೆರಳಿನಿಂದ ಫಿಲ್ಟರಿನ ಕೆಪಾಸಿಟರ್, ಟೊರಾಯ್ಡ್ ಒಂದೊಂದನ್ನೂ ಮುಟ್ಟಿ. ಆನ್ ಇರುವಾಗ ಮುಟ್ಟಬೇಡಿ, ಆರ್‌ಎಫ್ ಸುಟ್ಟ ಗಾಯ ಚಿಕ್ಕದಾಗಿ ಕಂಡರೂ ಆಳಕ್ಕಿಳಿದಿರುತ್ತದೆ.

ಬಿಸಿಯಾದ ಕೆಪಾಸಿಟರ್ ಸಿಕ್ಕರೆ ಅದು ಸಾಮಾನ್ಯ ಡಿಸ್ಕ್ ಸೆರಾಮಿಕ್ ಆಗಿರುವ ಸಾಧ್ಯತೆ ಹೆಚ್ಚು. ಲೋ ಪಾಸ್ ಫಿಲ್ಟರಿಗೆ ಎನ್‌ಪಿ0 ಅಂದರೆ ಸಿ0ಜಿ ಸೆರಾಮಿಕ್ ಅಥವಾ ಸಿಲ್ವರ್ ಮೈಕಾ ಬೇಕು. ಟೊರಾಯ್ಡ್ ಬಣ್ಣವನ್ನೂ ನೋಡಿ. ಕೆಂಪು ಟಿ50-2ರ ಮೇಲೆ 15 ಸುತ್ತು ಹಾಕಿದರೆ 1.1 ಮೈಕ್ರೋಹೆನ್ರಿ, ಹಳದಿ ಟಿ50-6ರ ಮೇಲೆ ಅಷ್ಟೇ ಸುತ್ತಿಗೆ 0.9. ಮಂದ ಬೆಳಕಿನಲ್ಲಿ ಬಣ್ಣ ಅದಲು ಬದಲಾದರೆ ಫಿಲ್ಟರಿನ ಲೆಕ್ಕ ತಪ್ಪುತ್ತದೆ. ಸುತ್ತು ಎಣಿಸುವಾಗ ರಿಂಗಿನ ಒಳಗೆ ಎಷ್ಟು ಸಲ ತಂತಿ ಹಾದಿದೆ ಅನ್ನುವುದೇ ಲೆಕ್ಕ.

ಫಿಲ್ಟರನ್ನು ಬಿಟ್ಟು ಟ್ರಾನ್ಸ್‌ಫಾರ್ಮರ್‌ನಿಂದ ನೇರವಾಗಿ ಡಮ್ಮಿ ಲೋಡಿಗೆ ಕೊಟ್ಟು ನೋಡಬಹುದು, ಅರೆಗಳಿಗೆ ಮಾತ್ರ. ಮೀಟರ್ ಸ್ವಲ್ಪ ಹೆಚ್ಚು ತೋರಿಸುವುದು ಸಹಜ, ಅದರಲ್ಲಿ ಹಾರ್ಮಾನಿಕ್ಸೂ ಸೇರಿದೆ. 2 ವ್ಯಾಟ್ ಇದ್ದದ್ದು 12ಕ್ಕೆ ಹಾರಿದರೆ ಮಾತ್ರ ಫಿಲ್ಟರ್ ತಪ್ಪಿತಸ್ಥ. ಇಲ್ಲೂ ಪವರ್ ಬರದಿದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ಮೊದಲು ಹೇಳಿದ ಹೀಟ್‌ಸಿಂಕ್ ಶಾರ್ಟ್.

ಪವರ್ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ, ಜೊತೆಗೆ ರಿಸೀವರ್ ಕೂಡ ಆಗಾಗ ಮಂಕಾಗುತ್ತಿದ್ದರೆ ರಿಲೇಯನ್ನು ಪೆನ್ನಿನ ತುದಿಯಿಂದ ಮೆಲ್ಲಗೆ ತಟ್ಟಿ. ಮೀಟರ್ ಕುಣಿದರೆ ಕಾಂಟ್ಯಾಕ್ಟ್ ಕಪ್ಪಾಗಿದೆ. ಉಜ್ಜಿ ಸರಿ ಮಾಡುವುದಕ್ಕಿಂತ ಹೊಸ ರಿಲೇ ಹಾಕುವುದೇ ವಾಸಿ.

ಡ್ರೈವ್ ಇಲ್ಲದೆ ಕರೆಂಟ್: ಆಸಿಲೇಶನ್

ಎಸ್‌ಎಸ್‌ಬಿ (ಮಾತಿದ್ದಾಗ ಮಾತ್ರ ಸಿಗ್ನಲ್ ಹೊರಡುವ ವಿಧಾನ) ರಿಗ್‌ನಲ್ಲಿ ಮೈಕ್ ಮುಂದೆ ಮೌನವಾಗಿ ಪಿಟಿಟಿ ಒತ್ತಿದರೆ ಔಟ್‌ಪುಟ್ ಸೊನ್ನೆ ಇರಬೇಕು. ಲೋಡಿನಲ್ಲಿ ವೋಲ್ಟೇಜ್ ಕಂಡರೆ ಆಂಪ್ಲಿಫೈಯರ್ ತಾನೇ ಆಸಿಲೇಟರ್ ಆಗಿದೆ. ಬಯಾಸ್ ಪ್ರಿಸೆಟ್ ತಿರುಗಿಸುವಾಗ ಕರೆಂಟ್ ಮೆಲ್ಲಗೆ ಏರದೆ 80ರಿಂದ ಒಮ್ಮೆಗೇ 700ಕ್ಕೆ ಹಾರುವುದು, ಹೀಟ್‌ಸಿಂಕ್ ಹತ್ತಿರ ಕೈ ತಂದರೆ ಅಂಕಿ ಬದಲಾಗುವುದು, ಇವೆರಡೂ ಅದರ ಗುರುತು.

ಇನ್‌ಪುಟ್ ವೈರ್ ಔಟ್‌ಪುಟ್ ವೈರಿನ ಪಕ್ಕದಲ್ಲಿ ಹಾದಿದ್ದರೆ ದೂರ ಮಾಡಿ, ತೆಳು ಕೋಆಕ್ಸ್ ಬಳಸಿ. ಸೆಂಟರ್ ಟ್ಯಾಪ್‌ನ ಬೈಪಾಸ್ ಕೆಪಾಸಿಟರಿನ ಕಾಲು ಉದ್ದ ಇದ್ದರೆ ಕತ್ತರಿಸಿ, ಗ್ರೌಂಡಿಗೆ ಹತ್ತಿರದಲ್ಲೇ ಸೋಲ್ಡರ್ ಮಾಡಿ. ಗೇಟಿಗೆ ತೀರ ಹತ್ತಿರ 10 ಓಮ್ ರೆಸಿಸ್ಟರ್ ಅಥವಾ ಫೆರೈಟ್ ಬೀಡ್ ಹಾಕಿ. ಡ್ರೈನ್‌ನಿಂದ ಗೇಟಿಗೆ ಫೀಡ್‌ಬ್ಯಾಕ್ ರೆಸಿಸ್ಟರ್ ಇರುವ ವಿನ್ಯಾಸವಾದರೆ ಅದು ಓಪನ್ ಆಗಿಲ್ಲ ಅಂತ ಖಾತ್ರಿ ಮಾಡಿ. ಅದು ಓಪನ್ ಆದರೆ ಕೆಳಗಿನ ಬ್ಯಾಂಡ್‌ಗಳಲ್ಲಿ ಗೇನ್ ವಿಪರೀತ ಏರಿ ಸರ್ಕ್ಯೂಟ್ ಹುಚ್ಚೆದ್ದು ಕುಣಿಯುತ್ತದೆ.

ಫೈನಲ್ ಬದಲಿಸಲೇಬೇಕಾದರೆ

ಕಾರಣ ಸಿಕ್ಕ ಮೇಲೆ ಮಾತ್ರ. ಹೊಸ ಮಾಸ್‌ಫೆಟ್ ಹಾಕುವ ಮೊದಲು ಗೇಟಿನ ರೆಸಿಸ್ಟರ್, ರೆಗ್ಯುಲೇಟರ್, ಪ್ರಿಸೆಟ್ ಮೂರನ್ನೂ ಅಳೆಯಿರಿ. ಸಾಯುವ ಮಾಸ್‌ಫೆಟ್ ಡ್ರೈನ್ ವೋಲ್ಟೇಜನ್ನು ಗೇಟಿನ ಕಡೆಗೆ ಬಿಟ್ಟು ಇವನ್ನೂ ಎಳೆದುಕೊಂಡು ಹೋಗಿರುತ್ತದೆ. ಎರಡನ್ನೂ ಒಂದೇ ಬ್ಯಾಚಿನಿಂದ ಕೊಳ್ಳಿ. ಮೈಕಾದ ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಸವರಿ, ಮೆತ್ತಬೇಡಿ. ಬಲ್ಬ್ ಸರಣಿಯಲ್ಲಿರಲಿ, ಪ್ರಿಸೆಟ್‌ಗಳು ಕನಿಷ್ಠದಲ್ಲಿರಲಿ, ಆಮೇಲೆ ಸ್ವಿಚ್ ಹಾಕಿ. ಬಲ್ಬ್ ಉರಿಯದಿದ್ದರೆ ಬಯಾಸ್ ಹೊಂದಿಸಿ, ಬಲ್ಬ್ ತೆಗೆದು, ಡ್ರೈವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಡಮ್ಮಿ ಲೋಡಿನಲ್ಲಿ ಸರಿ, ಆಂಟೆನಾದಲ್ಲಿ ತಕರಾರು

ಹಾಗಾದರೆ ಆಂಪ್ಲಿಫೈಯರನ್ನು ಬಿಟ್ಟುಬಿಡಿ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ಹಿಂದಿರುಗುತ್ತಿದೆ ಅನ್ನುವುದರ ಸೂಚಕ) ಅಳೆಯಿರಿ, ಕೋಆಕ್ಸ್ ಕೇಬಲ್ಲಿನ ಪಿಎಲ್259 ಕನೆಕ್ಟರ್ ಬಿಚ್ಚಿ ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕೋಆಕ್ಸ್‌ನ ಜಾಲರಿ ಹಸಿರುಗಟ್ಟುವುದು ಹೊಸದಲ್ಲ. ಪಿಟಿಟಿ ಬಿಟ್ಟರೂ ರಿಗ್ ಟ್ರಾನ್ಸ್‌ಮಿಟ್‌ನಲ್ಲೇ ಉಳಿಯುವುದು, ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ತಾನಾಗೇ ಆಫ್ ಆಗುವುದು, ಮೈಕ್ ಮುಟ್ಟಿದರೆ ಚುರುಕ್ ಅನ್ನುವುದು, ಇವೆಲ್ಲ ಕೋಆಕ್ಸ್‌ನ ಹೊರಮೈ ಮೇಲೆ ಆರ್‌ಎಫ್ ಮನೆಯೊಳಗೆ ಬರುತ್ತಿರುವ ಲಕ್ಷಣ. ಆಂಟೆನಾದ ಫೀಡ್ ಪಾಯಿಂಟಿನಲ್ಲಿ (ಕೇಬಲ್ ಸೇರುವ ಜಾಗ) ಆ ಆರ್‌ಎಫನ್ನು ತಡೆಯುವ ಒಂದು ಚೋಕ್, ಸಪ್ಲೈ ವೈರಿಗೆ ಒಂದು ಫೆರೈಟ್ ಹಾಕಿ ನೋಡಿ.

ಇನ್ನೊಂದು ದೂರು ಇದೆ: ಕ್ಯಾರಿಯರ್‌ನಲ್ಲಿ 10 ವ್ಯಾಟ್, ಮಾತಾಡಿದರೆ ಮೀಟರ್ 2, 3 ದಾಟುವುದಿಲ್ಲ. ಸಾಮಾನ್ಯ ಎಸ್‌ಡಬ್ಲ್ಯುಆರ್ ಮೀಟರ್ ತೋರಿಸುವುದು ಸರಾಸರಿಯನ್ನು, ಎಸ್‌ಎಸ್‌ಬಿ ಮಾತಿನಲ್ಲಿ ಸರಾಸರಿ ಅಷ್ಟೇ ಇರುತ್ತದೆ. ಮೀಟರ್ 10 ತೋರಿಸಲಿ ಅಂತ ಮೈಕ್ ಗೇನ್ ತಿರುಗಿಸಿದರೆ ಪಕ್ಕದ ಫ್ರೀಕ್ವೆನ್ಸಿಯವರು ಬೈಯುತ್ತಾರೆ. ಗಟ್ಟಿಯಾಗಿ ‘ಆ’ ಅಂತ ಎಳೆದು ನೋಡಿ. ಆಗ ಮುಳ್ಳು 10ರ ಹತ್ತಿರ ಹೋದರೆ ಮುಚ್ಚಳ ಹಾಕಿ ಸ್ಕ್ರೂ ಬಿಗಿಯಬಹುದು.